ತೊಟ್ಟು ಉರಿಯುತ್ತಿದೆಯೇ? ರಾಯಚೂರು ಸೀಮೆಯ ಬಾಣಂತಿಯರಿಗೆ 15 ಸೂತ್ರಗಳು

ಬಾಣಂತಿಯ ಕೋಣೆಯಲ್ಲಿ ಸಲಹೆಗೆ ಬರವಿಲ್ಲ. ಅಳವಿ ಪಾಯಸ ಎಷ್ಟು ಕುಡಿಯಬೇಕು, ತಲೆಗೆ ಬಟ್ಟೆ ಹೇಗೆ ಕಟ್ಟಬೇಕು, ಸಬ್ಬಸಗಿ ಪಲ್ಯಕ್ಕೆ ಬಳ್ಳೊಳ್ಳಿ ಎಷ್ಟು ಬೀಳಬೇಕು ಎಂದು ಹೇಳುವವರು ಮನೆ ತುಂಬ ಇರುತ್ತಾರೆ. ಆದರೆ ಕೂಸು ಬಾಯಿ ಹಾಕಿದ ಕೂಡಲೇ ಹಲ್ಲು ಕಚ್ಚಿ ಕಣ್ಣೀರು ನುಂಗುವ ಹುಡುಗಿಗೆ ಸಿಗುವ ಮಾತು ಒಂದೇ: "ಮೊದಲನೇದು ಅಲ್ಲೇನವ್ವಾ, ಹಂಗ ಆಗತೈತಿ. ತಡಕೋ." ರಾಯಚೂರು ಶಹರದ ಬಡಾವಣೆಯಲ್ಲೂ ಇದೇ ಮಾತು, ದೇವದುರ್ಗದ ದೊಡ್ಡಿಗಳಲ್ಲೂ ಇದೇ, ಮಾನ್ವಿಯ ಕ್ಯಾಂಪುಗಳಲ್ಲೂ ಇದೇ. ತಡೆದುಕೊಂಡವರಲ್ಲಿ ಕೆಲವರಿಗೆ ತಾನಾಗಿಯೇ ಸರಿಹೋಗುತ್ತದೆ. ಇನ್ನು ಕೆಲವರು ಎರಡನೇ ತಿಂಗಳಿಗೆ ಪುಡಿ ಹಾಲಿನ ಡಬ್ಬಿ ತರಿಸುತ್ತಾರೆ, ಹಾಲು ತುಂಬಿದ ಮೊಲೆ ಇದ್ದೂ.

ಈ ನೋವಿಗೆ ಕಾರಣ ಇರುತ್ತದೆ, ಹೆಚ್ಚಿನ ಸಲ ಅದನ್ನು ಸರಿಪಡಿಸಬಹುದು. ಕೆಲಸದ ಕ್ರಮ ಮಾತ್ರ ತಪ್ಪಬಾರದು: ಮೊದಲು ಕೂಸಿನ ಹಿಡಿತ, ಆಮೇಲೆ ಫಂಗಸ್‌ನ ಅನುಮಾನ, ಔಷಧಿ ಕೊನೆಗೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೆಡಿಕಲ್ ಶಾಪಿನ ಟ್ಯೂಬು ಎಲ್ಲಕ್ಕಿಂತ ಮೊದಲು ಮನೆಗೆ ಬರುತ್ತದೆ.

1. ನೋವಿಗೆ ತಾರೀಖು ಹಾಕಿ

ಹೆರಿಗೆ ಯಾವತ್ತು ಆಯಿತು, ನೋವು ಯಾವತ್ತು ಶುರುವಾಯಿತು, ಎರಡನ್ನೂ ಬರೆದಿಡಿ. ಮೊದಲ ವಾರ ಕೂಸು ಬಾಯಿ ಹಾಕಿದಾಗ ಚುರ್ ಎಂದು, ಅರ್ಧ ನಿಮಿಷ ಒಂದು ನಿಮಿಷದಲ್ಲಿ ಇಳಿಯುವ ನೋವು ಸಾಮಾನ್ಯ. ದಿನ ಕಳೆದಂತೆ ಅದು ಕಡಿಮೆಯಾಗುತ್ತ ಹೋಗಬೇಕು. ಕುಡಿಸುವಷ್ಟು ಹೊತ್ತೂ ನೋವಿದ್ದರೆ, ತೊಟ್ಟು ಸೀಳಿದರೆ, ರಕ್ತ ಒಸರಿದರೆ ಸುಮ್ಮನಿರಬೇಡಿ. ಮೊದಲ ದಿನಗಳಿಂದಲೇ ಹೀಗಿದ್ದರೆ ಹಿಡಿತ ತಪ್ಪಿದೆ ಎಂದೇ ತಿಳಿಯಿರಿ. ಮೂರು ನಾಲ್ಕು ವಾರ ಸುಖವಾಗಿ ಕುಡಿಸಿ, ಆಮೇಲೆ ಒಮ್ಮೆಲೇ ಉರಿ ಎದ್ದಿದ್ದರೆ ವಿಷಯ ಬೇರೆ. ಅದು 7ನೇ ಸೂತ್ರದಲ್ಲಿದೆ.

2. ಟ್ಯೂಬು ಕೊಳ್ಳುವ ಮೊದಲು ಹಿಡಿತ ನೋಡಿ

ನಮ್ಮ ಕಡೆ ಬಾಣಂತಿ ಹೊರಸಿನ ಮೇಲೋ ನೆಲದ ಮೇಲೋ ಕಾಲು ಚಾಚಿ ಕೂಡುತ್ತಾಳೆ. ಕೂಸನ್ನು ತೊಡೆ ಮೇಲೆ ಅಂಗಾತ ಮಲಗಿಸಿ, ತಾನೇ ಬಗ್ಗಿ ಮೊಲೆಯನ್ನು ಅದರ ಬಾಯಿಗೆ ಇಡುತ್ತಾಳೆ. ಕೂಸಿನ ಹೊಟ್ಟೆ ಮೇಲಕ್ಕೆ, ಕುತ್ತಿಗೆ ಪಕ್ಕಕ್ಕೆ ತಿರುಚಿಕೊಂಡಿರುತ್ತದೆ. ಹೀಗಿದ್ದಾಗ ಅದರ ಬಾಯಿಗೆ ಸಿಗುವುದು ತೊಟ್ಟಿನ ತುದಿ ಮಾತ್ರ. ನಾಲಿಗೆಗೂ ಗಟ್ಟಿ ಅಂಗುಳಕ್ಕೂ ನಡುವೆ ಸಿಕ್ಕು ಆ ತುದಿ ಸವೆಯುತ್ತದೆ. ಹಾಲೂ ಸರಿಯಾಗಿ ಇಳಿಯುವುದಿಲ್ಲ. ಕೂಸು ಅರೆಹೊಟ್ಟೆಯಲ್ಲಿ ಮತ್ತೆ ಮತ್ತೆ ಅಳುತ್ತದೆ, ಮತ್ತೆ ಮತ್ತೆ ಮೊಲೆಗೆ ಬರುತ್ತದೆ, ಗಾಯ ಮತ್ತಷ್ಟು ಆಳವಾಗುತ್ತದೆ. ಅಷ್ಟರಲ್ಲಿ ಯಾರೋ "ಈಕಿಗಿ ಹಾಲು ಸಾಲವಲ್ದು" ಎಂದು ತೀರ್ಪು ಕೊಟ್ಟಿರುತ್ತಾರೆ.

ಗ್ವಾಡಿಗೆ ಬೆನ್ನು ಕೊಟ್ಟು ಆರಾಮಾಗಿ ಕೂಡಿ. ಕೌದಿ ಮಡಚಿ ತೊಡೆ ಮೇಲಿಟ್ಟು ಕೂಸನ್ನು ಮೊಲೆಯ ಮಟ್ಟಕ್ಕೆ ಏರಿಸಿ. ನಿಮ್ಮ ಹೊಟ್ಟೆಗೆ ಅದರ ಹೊಟ್ಟೆ ತಾಗಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ, ಮೂಗು ತೊಟ್ಟಿನ ಎದುರಿಗೆ ಬರಲಿ. ತೊಟ್ಟಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿ. ಬಾಯಿ ಪೂರಾ ತೆರೆಯುವವರೆಗೆ ಕಾಯಿರಿ; ಇಲ್ಲಿ ಅವಸರ ಮಾಡಿದರೆ ಮತ್ತೆ ತುದಿಯೇ ಸಿಗುತ್ತದೆ. ತೆರೆದ ಕೂಡಲೇ ಬೆನ್ನು ಭುಜ ಹಿಡಿದು ಕೂಸನ್ನು ಮೊಲೆಯ ಕಡೆ ತನ್ನಿ. ನೀವು ಬಗ್ಗಬೇಡಿ, ಕೂಸಿನ ತಲೆಯ ಹಿಂಬದಿ ಒತ್ತಲೂ ಬೇಡಿ.

ಸರಿ ಹಿಡಿದಿದೆ ಎನ್ನಲು ನಾಲ್ಕು ಗುರುತು: ಬಾಯಿ ಅಗಲ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಮೊಲೆಗೆ ತಾಗಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಡೆಗಿಂತ ಮೇಲ್ಗಡೆ ಹೆಚ್ಚು ಕಾಣಬೇಕು. ಕೂಸು ನುಂಗುವ ಸದ್ದು ಕೇಳಿದರೆ ಇನ್ನೂ ಒಳ್ಳೆಯದು. ಹಿಡಿತ ತಪ್ಪಿದ್ದರೆ ಎಳೆದು ಬಿಡಿಸಬೇಡಿ. ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿದರೆ ಬಿಗಿ ತಾನಾಗಿ ಸಡಿಲುತ್ತದೆ. ಮತ್ತೆ ಹಿಡಿಸಿ. ಐದು ಸಲ ಬಿಡಿಸಿ ಐದು ಸಲ ಹಿಡಿಸಬೇಕಾಗಿ ಬಂದರೂ ಬೇಸರ ಬೇಡ.

ಸಿಸೇರಿಯನ್ ಆಗಿ ಕೂಡಲು ಆಗದವರು ಪಕ್ಕಕ್ಕೆ ಹೊರಳಿ ಮಲಗಿ ಕುಡಿಸಬಹುದು. ಬೆನ್ನಿಗೊಂದು ದಿಂಬು ಇರಲಿ, ಕೂಸಿನ ಹೊಟ್ಟೆ ನಿಮ್ಮ ಕಡೆಗೇ ಇರಲಿ.

3. ಕುಡಿದು ಬಿಟ್ಟ ತೊಟ್ಟು ನೋಡಿ

ಬಾಯಿಗೆ ಹೋದ ಆಕಾರದಲ್ಲೇ, ಸ್ವಲ್ಪ ಉದ್ದವಾಗಿ ದುಂಡಗೆ ಹೊರಬಂದರೆ ಸರಿ. ಒಂದು ಬದಿ ಚಪ್ಪಟೆಯಾಗಿ ಓರೆಯಾಗಿದ್ದರೆ, ತುದಿಗೆ ಅಡ್ಡ ಗೆರೆ ಬಿದ್ದಿದ್ದರೆ 2ನೇ ಸೂತ್ರಕ್ಕೆ ಹಿಂತಿರುಗಿ. ತೊಟ್ಟು ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಕೆಂಪಾಗಿ ಮಿಡಿದರೆ ರಕ್ತನಾಳ ಬಿಗಿಯುತ್ತಿದೆ ಎಂದರ್ಥ. ಇದಕ್ಕೆ ಫಂಗಸ್ ಔಷಧಿ ಹಚ್ಚಿ ಪ್ರಯೋಜನವಿಲ್ಲ. ಹಿಡಿತ ಸರಿಮಾಡಿ, ಬೆಚ್ಚನೆಯ ಒಣ ಬಟ್ಟೆ ಇಡಬೇಕು. ಹಿಡಿತದಲ್ಲಿ ಏನೂ ತಪ್ಪು ಕಾಣದೆಯೂ ತೊಟ್ಟು ದಿನಾ ಜಜ್ಜುತ್ತಿದ್ದರೆ ಕೂಸಿನ ನಾಲಿಗೆಯ ಅಡಿಯ ಪೊರೆ ಗಿಡ್ಡವಾಗಿದೆಯೇ ಎಂದು ಮಕ್ಕಳ ಡಾಕ್ಟರಿಗೆ ತೋರಿಸಿ.

4. ತೊಟ್ಟು ಒಳಗೆ ಸೇರಿಕೊಂಡಿದ್ದರೆ ಸಿರಿಂಜಿನ ಉಪಾಯ

ನಮ್ಮ ದೇಶದ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸುವ ಸರಳ ತಂತ್ರವಿದು. ಹೊಸ 10 ಅಥವಾ 20 ಮಿ.ಲೀ. ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ದಂಡವನ್ನು ಆ ಕತ್ತರಿಸಿದ ಕಡೆಯಿಂದ ಹಾಕುತ್ತಾರೆ. ಕತ್ತರಿಸದ ನುಣುಪು ಬಾಯಿಯನ್ನು ತೊಟ್ಟಿನ ಮೇಲಿಟ್ಟು ದಂಡವನ್ನು ಮೆಲ್ಲಗೆ ಎಳೆದು ಅರ್ಧ ನಿಮಿಷ, ಒಂದು ನಿಮಿಷ ಹಿಡಿದರೆ ತೊಟ್ಟು ಹೊರಬರುತ್ತದೆ. ಕೂಡಲೇ ಕೂಸಿಗೆ ಹಿಡಿಸಬೇಕು. ಗಾಯವಿರುವ ತೊಟ್ಟಿಗೆ ಇದು ಬೇಡ. ಮೊದಲ ಸಲ ನರ್ಸಮ್ಮನೋ ಆಶಾ ಅಕ್ಕನೋ ಮುಂದೆ ಕೂತು ಮಾಡಿಸಲಿ.

5. ಒಡೆದ ತೊಟ್ಟಿಗೆ ಮನೆಯಲ್ಲೇ ಇರುವ ಔಷಧಿ

ಕುಡಿಸಿದ ಮೇಲೆ ಕೊನೆಯ ನಾಲ್ಕು ಹನಿ ಹಾಲು ಹಿಂಡಿ ತೊಟ್ಟಿಗೆ ಹಚ್ಚಿ, ಗಾಳಿಗೆ ಒಣಗಲು ಬಿಟ್ಟು ಆಮೇಲೆ ಕುಪ್ಪಸ ಹಾಕಿ. ಥ್ರಷ್ ಎಂಬ ಫಂಗಸ್ ಸೋಂಕಿನ ಗುರುತುಗಳಿದ್ದರೆ (7ನೇ ಸೂತ್ರ) ಮಾತ್ರ ಹಾಲಿನ ತೇವವನ್ನು ತೊಟ್ಟಿನ ಮೇಲೆ ಉಳಿಸಬೇಡಿ. ನೀರಿನಿಂದ ಒರೆಸಿ ಒಣಗಿಸಿ. ತೊಟ್ಟಿಗೆ ಸಾಬೂನು, ಡೆಟಾಲ್, ಸ್ಪಿರಿಟ್ ಯಾವುದೂ ಬೇಡ. ದಿನಕ್ಕೊಮ್ಮೆ ಸ್ನಾನದ ನೀರು ಸಾಕು. ಬಾಣಂತಿ ಸ್ನಾನದಲ್ಲಿ ಮೊಲೆಯನ್ನೂ ಕಡಲೆ ಹಿಟ್ಟಿನಿಂದ ತಿಕ್ಕುವ ಉಮೇದು ಕೆಲವು ಮನೆಗಳಲ್ಲಿ ಉಂಟು. ತೊಟ್ಟಿನ ಸುತ್ತಲಿನ ಗ್ರಂಥಿಗಳು ಒಸರುವ ಎಣ್ಣೆಯೇ ಆ ಚರ್ಮದ ರಕ್ಷಣೆ, ಅದನ್ನು ತಿಕ್ಕಿ ತೆಗೆದರೆ ಬಿರುಕು ಹೆಚ್ಚುತ್ತದೆ. ಶುದ್ಧ ಲ್ಯಾನೋಲಿನ್ ಮುಲಾಮು ಸಿಕ್ಕರೆ ತೆಳ್ಳಗೆ ಹಚ್ಚಬಹುದು, ಕುಡಿಸುವ ಮೊದಲು ಒರೆಸಬೇಕಾಗಿಲ್ಲ.

ಮೊದಲು ನೋವು ಕಡಿಮೆ ಇರುವ ಕಡೆ ಕುಡಿಸಿ. ಒಂದು ಕಡೆ ಮುಟ್ಟಲೂ ಆಗದಿದ್ದರೆ ಒಂದೆರಡು ದಿನ ಆ ಕಡೆಯ ಹಾಲನ್ನು ಕೈಯಿಂದ ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಕುಡಿಸಿ. ಹಾಲು ಒಳಗೇ ಕಟ್ಟಲು ಬಿಟ್ಟರೆ ನೋವು ಎರಡಾಗುತ್ತದೆ. ಪ್ಯಾರಾಸಿಟಮಾಲ್ ಹಾಲೂಡಿಸುವ ತಾಯಿಗೆ ಸುರಕ್ಷಿತ. ನೋವಿಗೆ ಒಂದು ಗುಳಿಗೆ ತೆಗೆದುಕೊಂಡರೆ ಹಾಲು ಕೆಡುತ್ತದೆ ಎಂಬ ಭಯ ಬೇಡ.

6. ಬೇಸಿಗೆಯ ಬಾಣಂತನಕ್ಕೆ ಬೇರೆ ಲೆಕ್ಕ

ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲೂ ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ತಲೆಯಿಂದ ಎದೆಯವರೆಗೆ ಬಟ್ಟೆ ಸುತ್ತಿ ಕೂರಿಸುತ್ತಾರೆ. ಕುಪ್ಪಸ ಪಾಲಿಯೆಸ್ಟರಿನದು, ಒಳಗೆ ಹಾಲು ಸೋರುವುದಕ್ಕೆ ಮಡಚಿಟ್ಟ ಬಟ್ಟೆ, ಅದು ಹಾಲು ಬೆವರು ಎರಡರಿಂದಲೂ ತೊಯ್ದಿರುತ್ತದೆ. ಬೆಚ್ಚಗೆ, ತೇವವಾಗಿ, ಗಾಳಿಯಿಲ್ಲದೆ ಇರುವ ಚರ್ಮ ಫಂಗಸ್‌ಗೆ ಬಹಳ ಇಷ್ಟ.

ಅತ್ತೆ, ತಾಯಿ, ಅಜ್ಜಿಯರಿಗೆ ಎದುರು ಮಾತಾಡದೆಯೂ ದಾರಿ ಹುಡುಕಬಹುದು. ತಲೆಗೆ ಕಟ್ಟಿದ ಬಟ್ಟೆ ಇರಲಿ, ಎದೆಯ ಬಿಗಿ ಸಡಿಲಾಗಲಿ. ಅಗಲವಾದ ಹತ್ತಿ ಕುಪ್ಪಸ ಹೊಲಿಸಿ. ಒಳಗಿನ ಬಟ್ಟೆ ತೊಯ್ದ ಕೂಡಲೇ ಬದಲಿಸಿ. ಪ್ಲಾಸ್ಟಿಕ್ ಪದರವಿರುವ ಪ್ಯಾಡ್ ಬೇಡ. ಮಧ್ಯಾಹ್ನ ಬಾಗಿಲು ಮುಂದಕ್ಕೆ ಮಾಡಿಕೊಂಡು ಸ್ವಲ್ಪ ಹೊತ್ತು ಎದೆಗೆ ಗಾಳಿಯಾಡಲು ಬಿಡಿ. "ಬಾಣಂತಿಗಿ ನೀರು ಕಮ್ಮಿ ಕೊಡ್ರಿ" ಎನ್ನುವ ಪದ್ಧತಿಯೂ ಉಂಟಲ್ಲ, ಅದನ್ನು ಮಾತ್ರ ಒಪ್ಪಬೇಡಿ. ನಮ್ಮ ಬಿಸಿಲಲ್ಲಿ ಹಾಲೂಡಿಸುವವಳು ಬಾಯಾರಿದಾಗಲೆಲ್ಲ ಕುಡಿಯಲೇಬೇಕು.

7. ಫಂಗಸ್ ಎನ್ನಲು ಒಂದು ಗುರುತು ಸಾಲದು

ಡಾಕ್ಟರರು ಥ್ರಷ್ ಎನ್ನುವುದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿಗೆ. ಅದು ನಮ್ಮ ಬಾಯಿ, ಕರುಳು, ಯೋನಿಯಲ್ಲಿ ಮೊದಲೇ ಸಣ್ಣ ಪ್ರಮಾಣದಲ್ಲಿ ವಾಸವಾಗಿರುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹದ್ದಿನಲ್ಲಿಟ್ಟಿರುತ್ತವೆ. ಸಿಸೇರಿಯನ್ ಅಥವಾ ಹೊಲಿಗೆಯ ನಂತರ ಕೊಟ್ಟ ಆಂಟಿಬಯಾಟಿಕ್‌ನಿಂದ ಆ ಬ್ಯಾಕ್ಟೀರಿಯಾ ತಗ್ಗಿದಾಗ ಕ್ಯಾಂಡಿಡಾ ತಲೆ ಎತ್ತುತ್ತದೆ. ಒಡೆದ ತೊಟ್ಟು ಅದಕ್ಕೆ ಬಾಗಿಲು. ಸಕ್ಕರೆ ಕಾಯಿಲೆ ಇದ್ದವರಿಗೆ, ಬಸಿರಿನಲ್ಲಿ ಬಿಳಿ ಮುಟ್ಟಿನ ಜೊತೆ ತುರಿಕೆ ಇದ್ದವರಿಗೆ ಸಾಧ್ಯತೆ ಹೆಚ್ಚು.

ಗುರುತುಗಳು ಹೀಗೆ. ನೋವಿಲ್ಲದ ಕೆಲವು ವಾರಗಳ ನಂತರ ಒಮ್ಮೆಲೇ ಉರಿ. ಸಾಮಾನ್ಯವಾಗಿ ಎರಡೂ ಕಡೆ. ಕುಡಿಸುವಾಗಿನದಕ್ಕಿಂತ ಕುಡಿಸಿದ ಮೇಲೆ ಹೆಚ್ಚು, ಕೆಲವೊಮ್ಮೆ ಒಂದು ತಾಸಿನವರೆಗೂ. ತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುವುದು, ತುರಿಸುವುದು, ಹೊಟ್ಟು ಉದುರುವುದು. ಬಟ್ಟೆ ತಾಗಿದರೂ ಸಹಿಸಲಾಗದಿರುವುದು. ಜೊತೆಗೆ ಕೂಸಿನ ಬಾಯಲ್ಲಿ ಬಿಳಿ ಪದರ, ಅಥವಾ ಕುಂಡೆಯ ಮೇಲೆ ಕೆಂಪು ಗಂಧೆ, ಅದರ ಅಂಚಿಗೆ ಚುಕ್ಕಿ ಚುಕ್ಕಿ. ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗಿದ್ದರೆ ಅನುಮಾನಕ್ಕೆ ಬಲ ಬರುತ್ತದೆ. ಒಂದೇ ಒಂದಿದ್ದರೆ ಮತ್ತೆ ಹಿಡಿತದ ಕಡೆ ನೋಡಿ.

ಈ ವಿಷಯದಲ್ಲಿ ವೈದ್ಯರೊಳಗೇ ಜಗಳವಿದೆ. ಮೆಲ್ಬರ್ನ್‌ನಲ್ಲಿ 360 ಬಾಣಂತಿಯರನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು ಕ್ಯಾಂಡಿಡಾಕ್ಕೂ ತೊಟ್ಟಿನ ನೋವಿಗೂ ನಂಟು ಕಂಡಿತು. ಆಮೇಲೆ ಬರೆದ ಕೆಲವರು, ಅವರಲ್ಲಿ ಆಸ್ಟ್ರೇಲಿಯಾದವರೇ ಇದ್ದಾರೆ, ಥ್ರಷ್ ಎಂಬ ಹಣೆಪಟ್ಟಿ ಬೇಕಾಬಿಟ್ಟಿ ಅಂಟಿಸಲಾಗುತ್ತಿದೆ, ಎಷ್ಟೋ ಸಲ ಅದು ಹಿಡಿತದ ಗಾಯ, ಚರ್ಮದ ಅಲರ್ಜಿ ಅಥವಾ ರಕ್ತನಾಳದ ಬಿಗಿತ ಎಂದರು. ನನಗೆ ಎರಡನೆಯವರ ಎಚ್ಚರಿಕೆ ಹೆಚ್ಚು ಉಪಯುಕ್ತ ಅನಿಸುತ್ತದೆ. ಫಂಗಸ್ ಔಷಧಿ ಹಚ್ಚಿ ವಾರ ಕಳೆದರೂ ಒಂದಿಷ್ಟೂ ಇಳಿಯದಿದ್ದರೆ ಔಷಧಿ ಬದಲಿಸುವ ಮೊದಲು ಕಾಯಿಲೆಯ ಹೆಸರು ಸರಿಯೇ ಎಂದು ಕೇಳಿ.

8. ಹಾಲಿನ ಕಲೆಯೋ, ಥ್ರಷ್ಷೋ?

ಬರೀ ಹಾಲು ಕುಡಿಯುವ ಕೂಸಿನ ನಾಲಿಗೆ ಬೆಳ್ಳಗಿರುವುದು ಸಹಜ. ಬೆಳಕಿನಲ್ಲಿ ಕೂಸಿನ ಕೆನ್ನೆಯ ಒಳಬದಿ, ತುಟಿಯ ಒಳಗೆ, ಒಸಡಿನ ಮೇಲೆ ನೋಡಿ. ನಾಲಿಗೆಯ ಮೇಲೆ ಮಾತ್ರ ತೆಳ್ಳಗೆ ಇದ್ದು, ಒದ್ದೆ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಹೋದರೆ ಅದು ಹಾಲು. ಒಡೆದ ಮೊಸರಿನ ಹಾಗೆ ಕೆನ್ನೆಯ ಒಳಗೂ ಅಂಟಿಕೊಂಡು, ಒರೆಸಿದರೆ ಹೋಗದಿದ್ದರೆ, ಹೋದರೂ ಅಡಿಯಲ್ಲಿ ಕೆಂಪು ಕಂಡರೆ ಥ್ರಷ್. ಉಗುರಿನಿಂದ ಕೆರೆಯಬೇಡಿ. "ಕೂಸಿಗಿ ದೃಷ್ಟಿ ಆಗೈತಿ, ಅದಕ್ಕ ಮೊಲಿ ಹಿಡದು ಅಳತೈತಿ" ಎನ್ನುವ ಹಿರಿಯರು ದೃಷ್ಟಿ ತೆಗೆಯಲಿ, ಅಡ್ಡಿಯಿಲ್ಲ. ತೆಗೆಯುವಾಗ ಬಾಯೊಳಗೂ ಒಮ್ಮೆ ನೋಡಲಿ.

9. ರೋಗಿಗಳು ಇಬ್ಬರು, ಔಷಧಿ ಒಂದೇ ದಿನ ಶುರು

ಈ ಸೂತ್ರ ತಪ್ಪಿದ್ದಕ್ಕೇ ಥ್ರಷ್ ಮನೆ ಬಿಟ್ಟು ಹೋಗುವುದಿಲ್ಲ. ತಾಯಿ ಹೆರಿಗೆ ಡಾಕ್ಟರ ಹತ್ತಿರ ಹೋಗಿ ಮುಲಾಮು ತರುತ್ತಾಳೆ. ಕೂಸನ್ನು ಮುಂದಿನ ವಾರ ಮಕ್ಕಳ ಡಾಕ್ಟರಿಗೆ ತೋರಿಸುತ್ತಾರೆ. ಅಷ್ಟರಲ್ಲಿ ಕೂಸಿನ ಬಾಯಿಂದ ತೊಟ್ಟಿಗೆ, ತೊಟ್ಟಿನಿಂದ ಬಾಯಿಗೆ ಸೋಂಕು ಓಡಾಡುತ್ತಲೇ ಇರುತ್ತದೆ. ತಾಯಿ ಮಗು ಇಬ್ಬರಿಗೂ ಒಂದೇ ದಿನ ಚಿಕಿತ್ಸೆ ಶುರುವಾಗಬೇಕು, ಒಬ್ಬರಿಗೆ ಗುರುತು ಕಾಣದಿದ್ದರೂ. ತಾಯಿಗೆ ಬಿಳಿ ಮುಟ್ಟು, ತುರಿಕೆ ಇದ್ದರೆ ಅದನ್ನೂ ಅದೇ ದಿನ ಹೇಳಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಸೋಂಕು ಅಲ್ಲಿಂದ ಮತ್ತೆ ಬರುತ್ತದೆ.

ತೊಟ್ಟಿಗೆ ಸಾಮಾನ್ಯವಾಗಿ ಮೈಕೊನಜೋಲ್ ಶೇ. 2ರ ಮುಲಾಮು ಬರೆಯುತ್ತಾರೆ. ಪ್ರತಿ ಸಲ ಕುಡಿಸಿದ ಮೇಲೆ ತೆಳ್ಳಗೆ ಹಚ್ಚಿ, ಮುಂದಿನ ಸಲ ಕುಡಿಸುವಾಗ ಮುಲಾಮು ಉಳಿದಿದ್ದರೆ ಮೆಲ್ಲಗೆ ಒರೆಸಬೇಕು. ಕೂಸಿನ ಬಾಯಿಗೆ ನಿಸ್ಟಾಟಿನ್ ಹನಿ ಅಥವಾ ಕ್ಲೋಟ್ರಿಮಜೋಲ್ ದ್ರವವನ್ನು ಮಕ್ಕಳ ಡಾಕ್ಟರು ಬರೆಯಬಹುದು. ಮೈಕೊನಜೋಲ್ ಜೆಲ್ ದಪ್ಪಗಿರುವುದರಿಂದ 4 ತಿಂಗಳೊಳಗಿನ ಕೂಸಿನ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅದನ್ನು ತಾವಾಗಿ ತಂದು ಬಾಯಿಗೆ ಹಾಕಬೇಡಿ, ತೊಟ್ಟಿಗೆ ಹಚ್ಚಿ ಕುಡಿಸುವುದೂ ಬೇಡ. ಹಚ್ಚುವ ಔಷಧಿಗೆ ಬಗ್ಗದಿದ್ದರೆ ತಾಯಿಗೆ ಫ್ಲುಕೊನಜೋಲ್ ಗುಳಿಗೆ ಕೊಡುವುದುಂಟು. ಅದರ ಪ್ರಮಾಣ, ದಿನಗಳ ಲೆಕ್ಕ ಡಾಕ್ಟರದು. ಈ ಯಾವ ಚಿಕಿತ್ಸೆಗೂ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಹಳೆಯ ನೇರಳೆ ಔಷಧಿ, ಜೆನ್ಷಿಯನ್ ವಯೊಲೆಟ್, ಅಜ್ಜಿಯರಿಗೆಲ್ಲ ಗೊತ್ತು. ದಶಕಗಳ ಕಾಲ ಕೂಸುಗಳ ಬಾಯಿಗೆ ಹಚ್ಚಿದ್ದಾರೆ. ಗಾಢವಾಗಿದ್ದರೆ ಬಾಯಿಯ ಒಳಪದರವನ್ನು ಸುಡುತ್ತದೆ, ಮತ್ತು 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಕ್ಯಾನ್ಸರ್ ಸಾಧ್ಯತೆಯ ಎಚ್ಚರಿಕೆ ಕೊಟ್ಟಿತು. ಬೇರೆ ಔಷಧಿಗಳು ಸುಲಭವಾಗಿ ಸಿಗುವಾಗ ಮನೆಯಲ್ಲಿ ಉಳಿದ ಹಳೆ ಶೀಶೆ ತೆರೆಯುವುದು ಬೇಡ.

ಎರಡು ಮೂರು ದಿನಕ್ಕೆ ಉರಿ ಇಳಿದ ಕೂಡಲೇ ಔಷಧಿ ಬಿಡುವುದು ಎಲ್ಲರೂ ಮಾಡುವ ಕೆಲಸ. ಬರೆದುಕೊಟ್ಟಷ್ಟು ದಿನ ಪೂರ್ತಿ ಹಚ್ಚಿ.

10. ಮೆಡಿಕಲ್ ಶಾಪಿನಲ್ಲಿ ಒಂದು ಪ್ರಶ್ನೆ ಕೇಳಿ

"ಅಣ್ಣಾ, ಇದರಾಗ ಸ್ಟಿರಾಯ್ಡ್ ಐತೇನು?" ನಮ್ಮ ಅಂಗಡಿಗಳಲ್ಲಿ ಗಜಕರ್ಣಕ್ಕೆಂದು ಮಾರುವ ಹಲವು ಟ್ಯೂಬುಗಳಲ್ಲಿ ಫಂಗಸ್ ಔಷಧಿ, ಆಂಟಿಬಯಾಟಿಕ್, ಸ್ಟಿರಾಯ್ಡ್ ಮೂರೂ ಬೆರೆತಿರುತ್ತವೆ. ಕ್ಲೋಬೆಟಾಸೋಲ್, ಬೆಟಾಮೆಥಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಹಚ್ಚಿದ ಒಂದೆರಡು ದಿನ ತುರಿಕೆ ನಿಂತು ಹಾಯೆನಿಸುತ್ತದೆ, ಆಮೇಲೆ ಫಂಗಸ್ ಇನ್ನಷ್ಟು ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಹಚ್ಚಿದ ಔಷಧಿ ಕೂಸಿನ ಹೊಟ್ಟೆಗೂ ಹೋಗುತ್ತದೆ. ಗಂಡನ ತೊಡೆಸಂದಿಯ ಗಜಕರ್ಣಕ್ಕೆ ತಂದ ಟ್ಯೂಬನ್ನು ಹೆಂಡತಿಯ ಮೊಲೆಗೆ ಹಚ್ಚುವ ಉಳಿತಾಯ ಖಂಡಿತ ಬೇಡ.

11. ಜೇನು ಬೇಡ, ಬಿಳಿಗಾರ ಬೇಡ

ಬಾಯಿ ಬಂದ ಕೂಸಿಗೆ ಬಿಳಿಗಾರವನ್ನು ಜೇನಿನಲ್ಲಿ ಕಲಸಿ ತಿಕ್ಕುವುದು ಹಳೆಯ ರೂಢಿ. ಬಿಳಿಗಾರ ಎಂದರೆ ಟಂಕಣ, ಎಳೆಯ ಕೂಸಿಗೆ ಅದು ವಿಷ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸುವುದರಿಂದ ಬಾಟ್ಯುಲಿಸಂ ಎಂಬ ನರಗಳ ಕಾಯಿಲೆ ಬರಬಹುದು. ಅಪರೂಪ, ಆದರೆ ಬಂದರೆ ಉಸಿರಿಗೇ ಸಂಚಕಾರ. ಹಿರಿಯರು ಹಟ ಹಿಡಿದರೆ ಆಶಾ ಅಕ್ಕನ ಬಾಯಿಂದ ಹೇಳಿಸಿ. ಸೊಸೆಯ ಮಾತಿಗಿಂತ ಆಕೆಯ ಮಾತಿಗೆ ತೂಕ ಜಾಸ್ತಿ.

12. ಬಾಯಿಗೆ ಹೋಗುವುದೆಲ್ಲ ಕುದಿಯಲಿ

ಒಳಲೆ, ಚಮಚ, ಬಾಟಲಿಯ ನಿಪ್ಪಲ್ಲು, ಹಲ್ಲು ಬರುವಾಗ ಕಚ್ಚಲು ಕೊಟ್ಟ ಆಟಿಕೆ: ಥ್ರಷ್ ಇರುವಷ್ಟು ದಿನ ಇವನ್ನೆಲ್ಲ ದಿನಕ್ಕೊಮ್ಮೆ 20 ನಿಮಿಷ ನೀರಲ್ಲಿ ಕುದಿಸಿ. ಕುಪ್ಪಸ, ಒಳಬಟ್ಟೆ, ಕೂಸಿನ ಲಂಗೋಟಿಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಳಬಟ್ಟೆಯನ್ನು ಯಾರಿಗೂ ಕಾಣದಂತೆ ಸೀರೆಯ ಅಡಿಯಲ್ಲೋ ಬಚ್ಚಲಲ್ಲೋ ಒಣಗಿಸುವ ನಾಚಿಕೆಯಿಂದ ಅದು ಎಂದೂ ಪೂರಾ ಒಣಗುವುದಿಲ್ಲ. ರಾಯಚೂರಿನ ಬಿಸಿಲು ಪುಕ್ಕಟೆ ಸಿಗುತ್ತದೆ, ಬಳಸಿಕೊಳ್ಳಿ. ಪ್ರತಿ ಸಲ ಕುಡಿಸುವ ಮೊದಲೂ ಲಂಗೋಟಿ ಬದಲಿಸಿದ ಮೇಲೂ ಕೈ ತೊಳೆಯಿರಿ.

ಬಾಟಲಿಯ ಮಾತು ಬಂದದ್ದರಿಂದ ಒಂದು ವಿಷಯ: ಪುಡಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತನ್ನು, ಆಸ್ಪತ್ರೆಯಲ್ಲಿ ಅವುಗಳ ಪ್ರಚಾರವನ್ನು ನಮ್ಮ ದೇಶದ 1992ರ ಕಾಯ್ದೆ ನಿಷೇಧಿಸಿದೆ. ನೋವಿನಲ್ಲಿರುವ ತಾಯಿಯ ಕೈಗೆ ಯಾರಾದರೂ ಉಚಿತ ಡಬ್ಬಿ ಇಟ್ಟರೆ ಅದು ಉಪಕಾರವಲ್ಲ, ಕಾನೂನಿನ ಉಲ್ಲಂಘನೆ.

13. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ

ಒಂದೇ ಮೊಲೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಬಿಸಿಯಾಗಿ, ಚಳಿ ಜ್ವರ ಬಂದರೆ ಅದು ಥ್ರಷ್ ಅಲ್ಲ, ಮೊಲೆ ಬಾವು. ಕುಡಿಸುವುದನ್ನು ನಿಲ್ಲಿಸಬೇಡಿ. ಗಟ್ಟಿಯಾದ ಜಾಗವನ್ನು ಬಿಸಿ ಎಣ್ಣೆ ಹಾಕಿ ಜೋರಾಗಿ ನೀವುವುದನ್ನು ಮೊದಲು ನಿಲ್ಲಿಸಿ. ಹಾಲೂಡಿಕೆಯ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಯು 2022ರ ಮಾರ್ಗಸೂಚಿಯಲ್ಲಿ ನೀವುವುದರಿಂದ ಒಳಗಿನ ಊತ ಹೆಚ್ಚುತ್ತದೆ ಎಂದು ಹೇಳಿ, ತಣ್ಣನೆಯ ಪಟ್ಟಿಯನ್ನು ಸೂಚಿಸಿದೆ. 24 ತಾಸಿನಲ್ಲಿ ಇಳಿಯದಿದ್ದರೆ ಆಂಟಿಬಯಾಟಿಕ್ ಬೇಕಾಗಬಹುದು. ಬಿಟ್ಟರೆ ಕೀವು ಕಟ್ಟಿ ಕೊಯ್ಯುವ ಹಂತಕ್ಕೆ ಹೋಗುತ್ತದೆ. ಕೂಸು ಹಾಲು ಬಿಟ್ಟರೆ, ಮಂಕಾಗಿ ಮಲಗಿದರೆ, ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ದರೆ ಆಗಲೂ ತಡ ಸಲ್ಲದು.

14. ಕೂಲಿಗೆ ಹೋಗುವವರಿಗೆ

ಮಾನ್ವಿಯ ಕಡೆ ನಾಟಿ, ದೇವದುರ್ಗದ ಕಡೆ ಹತ್ತಿ ಬಿಡಿಸುವುದು, ಅದಿಲ್ಲದಿದ್ದರೆ ಬೆಂಗಳೂರಿಗೆ ಗುಳೆ. ಐದನೇ ತಿಂಗಳಿಗೆ ಸುಗ್ಗಿ ಕರೆದರೆ ಯಾವ ಪುಸ್ತಕದ ಸಲಹೆಯೂ ನಿಲ್ಲುವುದಿಲ್ಲ. ಮುಂಜಾನೆಯಿಂದ ಸಂಜೆವರೆಗೆ ಹಾಲು ಕಟ್ಟಿದ ಮೊಲೆ ಕಲ್ಲಾಗಿ, ಸಂಜೆ ಕೂಸಿಗೆ ಹಿಡಿಯಲು ಬಾರದೆ ತೊಟ್ಟು ಒಡೆಯುತ್ತದೆ. ಮಧ್ಯಾಹ್ನದ ಬುತ್ತಿ ಹೊತ್ತಿಗೆ ಒಂದು ಸಲವಾದರೂ ಕೈಯಿಂದ ಹಿಂಡಿ. ಮನೆ ಹತ್ತಿರವಿದ್ದರೆ ಕೂಸನ್ನು ಹೊಲಕ್ಕೆ ತರಿಸಿ. ಸಂಜೆ ಮೊದಲು ಸ್ವಲ್ಪ ಹಿಂಡಿ ಮೆತ್ತಗೆ ಮಾಡಿ ಆಮೇಲೆ ಹಿಡಿಸಿ. ಹಿಂಡಿದ ಹಾಲು 25 ಡಿಗ್ರಿ ತಂಪಿನಲ್ಲಿ 4 ತಾಸು ಇರುತ್ತದೆ ಎನ್ನುತ್ತಾರೆ, ನಮ್ಮ ಬೇಸಿಗೆಗೆ ಆ ಲೆಕ್ಕ ಹಿಡಿಯಬೇಡಿ. ಫ್ರಿಜ್ ಇಲ್ಲದಿದ್ದರೆ ಬೇಗ ಕುಡಿಸಿಬಿಡಿ. ಕ್ರಿಮಿನಾಶಕ ಹೊಡೆದ ಹತ್ತಿ ಹೊಲದಿಂದ ಬಂದವರು ಕೈ ಎದೆ ತೊಳೆದು, ಬಟ್ಟೆ ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಿ.

15. ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಇದು ಅವರ ಕೆಲಸದ ಭಾಗ, ನಿಮ್ಮ ಹಕ್ಕು. ತವರಿಗೆ ಬಾಣಂತನಕ್ಕೆ ಬಂದವರ ಹೆಸರು ಅಲ್ಲಿನ ಆಶಾಗೆ ಗೊತ್ತಿರುವುದಿಲ್ಲ, ನೀವೇ ಹೇಳಿಕಳಿಸಿ. ಬಂದಾಗ ಕೂಸಿನ ತೂಕವಷ್ಟೇ ನೋಡಿ ಹೋಗಲು ಬಿಡಬೇಡಿ. ಅವರ ಮುಂದೆ ಕುಡಿಸಿ ಹಿಡಿತ ತೋರಿಸಿ.

ಅಲ್ಲಿಗೆ ಮುಗಿಯದಿದ್ದರೆ ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆ. ಅಲ್ಲೂ ಇಳಿಯದಿದ್ದರೆ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಹೆರಿಗೆ ವಿಭಾಗವೂ ಮಕ್ಕಳ ವಿಭಾಗವೂ ಒಂದೇ ಕಡೆ ಇವೆ. 9ನೇ ಸೂತ್ರಕ್ಕೆ ಇದಕ್ಕಿಂತ ಅನುಕೂಲ ಬೇರಿಲ್ಲ: ಒಂದೇ ದಿನ ಎರಡು ಚೀಟಿ ಮಾಡಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತ, ಜೊತೆಗೆ ಬರುವ ತಾಯಿಗೋ ಅತ್ತೆಗೋ ಕೂಡ. ಬಸ್ ಚಾರ್ಜಿನ ನೆಪ ಈಗ ನಡೆಯುವುದಿಲ್ಲ.

ಡಾಕ್ಟರ ಮುಂದೆ "ಎದಿ ನೋವ್ರಿ" ಎಂದರೆ ಹೃದಯದ ಕಡೆ ಹೊರಳುತ್ತದೆ ಮಾತು. ಹೀಗೆ ಹೇಳಿ: "ಮೇಡಂ, ತೊಟ್ಟು ಉರೀತೈತ್ರಿ. ಮೂರು ವಾರ ಚಲೋ ಇತ್ತು, ಈಗ ಕುಡಿಸಿದ ಮ್ಯಾಲೆ ಒಂದು ತಾಸು ಚುಚ್ಚತೈತ್ರಿ. ಕೂಸಿನ ಗಲ್ಲದ ಒಳಗ ಬೆಳ್ಳಗ ಆಗೈತ್ರಿ, ಒರೆಸಿದ್ರ ಹೋಗವಲ್ದು." ಇಷ್ಟು ಹೇಳಿದರೆ ಅರ್ಧ ಪರೀಕ್ಷೆ ಮುಗಿದಂತೆ. ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ಈವರೆಗೆ ಹಚ್ಚಿದ ಟ್ಯೂಬುಗಳು, ನುಂಗಿದ ಗುಳಿಗೆಗಳ ಖಾಲಿ ಸ್ಟ್ರಿಪ್ಪುಗಳು ಎಲ್ಲ ಚೀಲದಲ್ಲಿರಲಿ. ಮತ್ತು ಹೊರಡುವ ಮುಂಚೆ ಕೂಸಿನ ಹೊಟ್ಟೆ ಪೂರಾ ತುಂಬಿಸಬೇಡಿ. ಅಲ್ಲಿ ಡಾಕ್ಟರ ಎದುರಿಗೆ ಕುಡಿಸಿ ತೋರಿಸುವುದಿದೆ.